ಮಾವಿನ ಪೇಟಿಯ ಹುಲ್ಲು

ನನಗೆ ಸಿಟ್ಟು ಬೇಗ ಬರುತ್ತದೆ. ಇದು ನಮ್ಮ ಮನೆಯವರಿಗೂ ಗೊತ್ತು, ನಾನು ಕೆಲಸ ಮಾಡುವ ಪ್ರಯೋಗಾಲಯದ ಗಾಜಿನ ಸಾಮಾನುಗಳಿಗೂ ಗೊತ್ತು. ಆದರೆ ಆ ಮಳೆಗಾಲದಲ್ಲಿ ಬಂದಂಥ ಸಿಟ್ಟು ಹಿಂದೆಂದೂ ಬಂದಿರಲಿಲ್ಲ. ಅದನ್ನು ಯಾರ ಮೇಲೆ ತೀರಿಸಿಕೊಳ್ಳಬೇಕು ಎಂಬುದೇ ತಿಳಿಯದೆ ಒದ್ದಾಡಿಬಿಟ್ಟೆ. ಹುಲ್ಲಿನ ಮೇಲೆ ಸಿಟ್ಟು ಮಾಡಿಕೊಂಡು ಎಷ್ಟು ಹೊತ್ತು ಕೂರಲು ಸಾಧ್ಯ?

ನನ್ನ ಕೆಲಸವನ್ನು ಮೊದಲು ಹೇಳಿಬಿಡುತ್ತೇನೆ. ಭತ್ತದ ಹುಲ್ಲು, ಕಬ್ಬಿನ ಸಿಪ್ಪೆ, ಜೋಳದ ದಂಟು ಇವುಗಳ ಒಳಗೆಲ್ಲ ಸಕ್ಕರೆ ಇದೆ. ಆದರೆ ಅದು ಒಂದಕ್ಕೊಂದು ಕೈ ಹಿಡಿದು ಉದ್ದನೆಯ ಸರಪಳಿಯಾಗಿ ನಿಂತಿರುವುದರಿಂದ ನಮ್ಮ ನಾಲಿಗೆಗೆ ಸಿಹಿಯಾಗಿ ಸಿಕ್ಕುವುದಿಲ್ಲ. ಸರಪಳಿ ತುಂಡರಿಸಿದರೆ ಸಕ್ಕರೆ, ಆ ಸಕ್ಕರೆಯಿಂದ ಗಾಡಿ ಓಡಿಸುವ ಇಂಧನವನ್ನೂ ಮಾಡಬಹುದು, ಪ್ಲಾಸ್ಟಿಕ್ಕನ್ನೂ ಮಾಡಬಹುದು. ತುಂಡರಿಸಲು ಸಲ್ಫ್ಯೂರಿಕ್ ಆ್ಯಸಿಡ್ ಸುರಿದರೂ ಆಗುತ್ತದೆ. ಆದರೆ ಆಮೇಲೆ ಸಕ್ಕರೆ ನೀರಿನೊಳಗಿಂದ ಆ ಆ್ಯಸಿಡ್ಡನ್ನು ಬೇರೆ ಮಾಡುವುದು ದೊಡ್ಡ ರಗಳೆ, ಜೊತೆಗೆ ಅದು ಪಾತ್ರೆಯನ್ನೂ ತಿಂದು ಹಾಕುತ್ತದೆ. ಅದಕ್ಕೆ ನಾವು ತೆಂಗಿನ ಚಿಪ್ಪಿನ ಇದ್ದಿಲಿಗೆ ಆ್ಯಸಿಡ್ಡಿನ ಗುಣವನ್ನು ಅಂಟಿಸಿ ಒಂದು ಕರಿಪುಡಿ ತಯಾರಿಸಿದ್ದೆವು. ಪುಸ್ತಕದ ಭಾಷೆಯಲ್ಲಿ ಅದು ಘನ ವೇಗವರ್ಧಕ. ಅದು ನೀರಿನಲ್ಲಿ ಕರಗುವುದಿಲ್ಲ. ಕೆಲಸವಾದ ಮೇಲೆ ಸೋಸಿ, ತೊಳೆದು, ಮತ್ತೆ ಹಾಕಬಹುದು.

ಇದನ್ನೆಲ್ಲ ಒಂದು ದಿನ ಅಮ್ಮಿಗೆ, ಅಂದರೆ ನನ್ನ ತಾಯಿಗೆ, ವಿವರಿಸಿದೆ. ಅವಳು ಈರುಳ್ಳಿ ಹೆಚ್ಚುತ್ತಾ ಕೇಳಿಸಿಕೊಂಡಳು.

“ಅಂದ್ರ ಪೊಟ್ಲಿ ಮಸಾಲಿ ಇದ್ದಂಗ,” ಎಂದಳು. “ಅರಿವ್ಯಾಗ ಕಟ್ಟಿ ಗಂಜಿಗಿ ಬಿಡೋದು, ರುಚಿ ಬಿಟ್ಟ ಮ್ಯಾಲ ತಗದು ಒಗಿಯೋದು.”

“ಒಗಿಯಂಗಿಲ್ಲ ಅಮ್ಮಿ, ತೊಳದು ಮತ್ತ ಹಾಕೋದು.”

“ಅಷ್ಟ ಕಂಜೂಸಿ ಏನು ನಿಮ್ಮ ಲ್ಯಾಬಿನವರು?”

ನಮ್ಮದು ವಿಜಯಪುರದ ಕಡೆಯ ಮನೆತನ. ನಾನು ಹುಟ್ಟಿ ಬೆಳೆದದ್ದು ಕುರ್ಲಾದಲ್ಲಿ. ಮನೆಯಲ್ಲಿ ಮುದ್ದು ಮಾಡುವುದು ದಖ್ಖನಿ ಉರ್ದುವಿನಲ್ಲಿ, ಬೈಯುವುದು ಕನ್ನಡದಲ್ಲಿ. ಹಾಗಾಗಿ ನನ್ನ ಕನ್ನಡ ಗಟ್ಟಿಯಾಗಿಯೇ ಇದೆ. ಮುನ್ಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಓದಿ, ಆಮೇಲೆ ಕೆಮಿಸ್ಟ್ರಿ ಹಿಡಿದು, ಒಂದು ಔಷಧ ಕಂಪನಿಯಲ್ಲಿ ಮಾತ್ರೆಗಳನ್ನು ಪರೀಕ್ಷಿಸುವ ಕೆಲಸಕ್ಕೆ ಸೇರಿದೆ. ಕೆಲವು ವರ್ಷ ಅದೇ ಮಾತ್ರೆ, ಅದೇ ಪರೀಕ್ಷೆ. ಒಂದು ದಿನ ಆ ಕೆಲಸ ಬಿಟ್ಟು ಪಿಎಚ್‌ಡಿಗೆ ಸೇರುತ್ತೇನೆಂದು ಮನೆಯಲ್ಲಿ ಹೇಳಿದಾಗ ಅಮ್ಮಿ ತಲೆ ಮೇಲೆ ಕೈ ಹೊತ್ತು ಕೂತಳು. ನನ್ನ ಅಣ್ಣ, ನಾನು ಭಾಯಿ ಎನ್ನುವವನು, “ಓದ್ಲಿ ಬಿಡು ಅಮ್ಮಿ, ಮನಿ ನಾ ನೋಡ್ಕೋತೀನಿ,” ಎಂದ. ಅವನಿಗೆ ಬೈಕುಲ್ಲಾ ಮಾರ್ಕೆಟ್ಟಿನಲ್ಲಿ ಒಂದು ಹಣ್ಣಿನ ಅಂಗಡಿ. ಆ ಒಂದು ಮಾತಿನ ಮೇಲೆ ನನ್ನ ಸಂಶೋಧನೆ ಶುರುವಾಯಿತು.

ಮೊದಲೆರಡು ವರ್ಷ ಅಂಗಡಿಯಲ್ಲಿ ಸಿಗುವ ಶುದ್ಧ ಸೆಲ್ಯುಲೋಸ್ ಪುಡಿಯ, ಅಂದರೆ ಆ ಸಕ್ಕರೆ ಸರಪಳಿಯದೇ ಪುಡಿಯ ಮೇಲೆ ಕೆಲಸ ಮಾಡಿದೆ. ಅದು ಹತ್ತಿಯಂತೆ ಬೆಳ್ಳಗೆ, ಹೇಳಿದ ಮಾತು ಕೇಳುವ ವಸ್ತು. ಅದರ ಮೇಲೆ ಕರಿಪುಡಿ ಚೆನ್ನಾಗಿಯೇ ನಡೆಯಿತು. ಆದರೆ ನಮ್ಮ ಕೆಲಸವನ್ನು ಪರಿಶೀಲಿಸುವ ಸಮಿತಿಗೆ ಅಷ್ಟು ಸಾಲಲಿಲ್ಲ. ಹೊಲದಿಂದ ಬಂದ ನಿಜವಾದ ಹುಲ್ಲನ್ನು ಇದು ಒಡೆಯುತ್ತದೆಯೇ? ಮಳೆಗಾಲ ಮುಗಿಯುವುದರೊಳಗೆ ತೋರಿಸಿ. ತೋರಿಸಿದರೆ ಯೋಜನೆ ಮುಂದುವರಿಯುತ್ತದೆ, ಇಲ್ಲದಿದ್ದರೆ ಇಲ್ಲಿಗೆ ಮುಕ್ತಾಯ. ಮುಕ್ತಾಯ ಎಂದರೆ ನನಗೆ ಮತ್ತೆ ಆ ಮಾತ್ರೆಗಳೇ ಗತಿ.

ನನ್ನ ಮಾರ್ಗದರ್ಶಕರು ಮಂಗಳೂರಿನ ಕಡೆಯವರು. ಅವರ ತಂದೆ ಗ್ರಾಂಟ್ ರೋಡಿನ ಒಂದು ಉಡುಪಿ ಹೋಟೆಲಿನಲ್ಲಿ ಮ್ಯಾನೇಜರ್ ಆಗಿದ್ದರಂತೆ. ಬೇರೆಯವರೆದುರು ನಾವಿಬ್ಬರೂ ಇಂಗ್ಲಿಷಿನಲ್ಲಿ ಗಂಭೀರವಾಗಿ ಮಾತಾಡುತ್ತೇವೆ. ಬಾಗಿಲು ಮುಚ್ಚಿದ ಮೇಲೆ ಅವರದು ಅವರ ಕನ್ನಡ, ನನ್ನದು ನನ್ನ ಕನ್ನಡ.

“ಹುಲ್ಲು ಎಲ್ಲಿಂದ ತರ್ತೀ ನೀನು? ಈ ಮುಂಬಯಿಯಲ್ಲಿ ಗದ್ದೆ ಎಲ್ಲುಂಟು?” ಎಂದು ಮೇಡಂ ಕೇಳಿದರು.

ನಾನು ಮೊದಲು ಕುರ್ಲಾದ ಎಮ್ಮೆ ಕಟ್ಟುವ ತಬೇಲದಿಂದ ಒಂದು ಹಿಡಿ ಹುಲ್ಲು ತಂದೆ. ಕರಿಪುಡಿ ಹಾಕದೆ ಬರೀ ನೀರಿನಲ್ಲಿ ಅದನ್ನು ಕಾಯಿಸಿದೆ. ಇದು ಯಾವ ಪ್ರಯೋಗಕ್ಕೂ ಮೊದಲು ಮಾಡಲೇಬೇಕಾದದ್ದು, ನಾವು ಬ್ಲ್ಯಾಂಕ್ ಎನ್ನುತ್ತೇವೆ. ಹುಲ್ಲಿನಿಂದ ತಾನಾಗಿಯೇ ಏನೂ ಸಕ್ಕರೆ ಬರುತ್ತಿಲ್ಲ ಎಂದು ಖಾತ್ರಿ ಮಾಡಿಕೊಳ್ಳುವುದಕ್ಕೆ. ಬರಲಿಲ್ಲ. ಸರಿ, ಇನ್ನು ಪ್ರಯೋಗಕ್ಕೆ ಗೋಣಿಗಟ್ಟಲೆ ಹುಲ್ಲು ಬೇಕಲ್ಲ ಎಂದುಕೊಳ್ಳುತ್ತಿರುವಾಗ ಭಾಯಿಯ ಅಂಗಡಿ ನೆನಪಾಯಿತು. ಆಗ ಮೇ ತಿಂಗಳು. ಕೊಂಕಣದಿಂದ ಬರುವ ಮಾವಿನ ಹಣ್ಣು ಮರದ ಪೇಟಿಗಳಲ್ಲಿ, ಭತ್ತದ ಹುಲ್ಲಿನ ಹಾಸಿಗೆಯ ಮೇಲೆ ಮಲಗಿಕೊಂಡು ಬರುತ್ತದೆ. ಹಣ್ಣು ಮಾರಿದ ಮೇಲೆ ಹುಲ್ಲು ಬೀದಿಗೆ.

“ಭಾಯಿ, ಆ ಪೇಟಿ ಹುಲ್ಲು ಏನ್ ಮಾಡ್ತಿ?”

“ಏನ್ ಮಾಡೋದು? ಕಚರಾದಾಗ ಒಗಿತೀವಿ. ಎಷ್ಟ ಬೇಕು ಹೇಳು, ಗೋಣಿ ತುಂಬಿ ಕೊಡ್ತೀನಿ.”

ಕೊಟ್ಟ ಕೂಡ. ಒಂದು ಗೋಣಿ ಟ್ಯಾಕ್ಸಿಯಲ್ಲಿ ಪ್ರಯೋಗಾಲಯಕ್ಕೆ ಬಂತು, ಇನ್ನೊಂದು ಮನೆಗೆ ಹೋಗಿ ನಮ್ಮ ಬಾಗಿಲಾಚೆಯ ಗ್ಯಾಲರಿಯಲ್ಲಿ ಕೂತಿತು. ಭತ್ತದ ಹುಲ್ಲು ಎಂದರೆ ಭತ್ತದ ಹುಲ್ಲು, ತಬೇಲದ್ದಾದರೇನು, ಮಾರ್ಕೆಟ್ಟಿನದಾದರೇನು. ಬ್ಲ್ಯಾಂಕ್ ಮತ್ತೆ ಮಾಡಬೇಕೆಂದು ನನಗೂ ಅನ್ನಿಸಲಿಲ್ಲ, ಮೇಡಮ್ಮಿಗೂ ಅನ್ನಿಸಲಿಲ್ಲ.

ಹುಲ್ಲನ್ನು ಕತ್ತರಿಸಿ, ನೀರು ಮತ್ತು ಕರಿಪುಡಿಯ ಜೊತೆ ದಪ್ಪ ಸ್ಟೀಲಿನ ಮುಚ್ಚಿದ ಪಾತ್ರೆಯಲ್ಲಿ ಹಾಕಿ ಕಾಯಿಸಿದೆ. ಸೋಸಿದ ನೀರನ್ನು ಸಕ್ಕರೆಗಳನ್ನು ಬೇರೆ ಬೇರೆ ಮಾಡಿ ತೋರಿಸುವ ಯಂತ್ರಕ್ಕೆ ಕೊಟ್ಟೆ. ಅದು ಪರದೆಯ ಮೇಲೆ ಒಂದೊಂದು ಸಕ್ಕರೆಗೂ ಒಂದೊಂದು ಗುಡ್ಡ ಬರೆಯುತ್ತದೆ. ಗ್ಲೂಕೋಸಿನ ಗುಡ್ಡ ಎದ್ದು ನಿಂತಾಗ ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಶುದ್ಧ ಸೆಲ್ಯುಲೋಸಿನಿಂದಲೂ ಅಷ್ಟು ಬಂದಿರಲಿಲ್ಲ. ಅದರ ಪಕ್ಕದಲ್ಲಿ ಫ್ರಕ್ಟೋಸಿನ ಗುಡ್ಡವೂ ಇತ್ತು. ಅದು ಹಣ್ಣಿನ ಸಕ್ಕರೆ, ಹುಲ್ಲಿನಲ್ಲಿ ಅದಕ್ಕೇನು ಕೆಲಸ ಎಂದು ಒಂದು ಗಳಿಗೆ ಅನ್ನಿಸಿದ್ದು ನಿಜ. ಆದರೆ ಬೇಕಾದ ಉತ್ತರ ಬಂದಾಗ ತಲೆ ವಕೀಲನಾಗುತ್ತದೆ. ಗ್ಲೂಕೋಸನ್ನು ಫ್ರಕ್ಟೋಸ್ ಆಗಿ ಬದಲಿಸುವ ವೇಗವರ್ಧಕಗಳು ಇವೆಯಲ್ಲ? ನಮ್ಮ ಪುಡಿ ಎರಡೂ ಕೆಲಸವನ್ನು ಒಟ್ಟಿಗೇ ಮಾಡುತ್ತಿರಬೇಕು! ಮೇಡಂ ಆ ಮಾತನ್ನು ಹಾಗೆಯೇ ಸಮಿತಿಯ ಮಧ್ಯಂತರ ವರದಿಯಲ್ಲಿ ಬರೆದರು.

ಸುದ್ದಿ ಕೇಳಿ ಭಾಯಿ ಪ್ರಯೋಗಾಲಯಕ್ಕೆ ಒಂದು ಪೇಟಿ ಹಣ್ಣು ಕಳಿಸಿದ. ನಾವೆಲ್ಲ ಕೈಯಿಂದ ಮೊಣಕೈವರೆಗೆ ರಸ ಸುರಿಸಿಕೊಂಡು ತಿಂದೆವು. ಕೆಳಗಿನ ಹಣ್ಣೊಂದು ಪೇಟಿಯಲ್ಲೇ ಒಡೆದು ಹುಲ್ಲೆಲ್ಲ ಅಂಟಂಟಾಗಿತ್ತು. ನಾನೇ ಆ ಹುಲ್ಲನ್ನು ಎತ್ತಿ ಕೈ ಒರೆಸಿಕೊಂಡೆ. ಆಗಲೂ ತಲೆಗೆ ಹೊಳೆಯಲಿಲ್ಲ. ಇಷ್ಟು ಓದಿದವರ ತಲೆಯಲ್ಲಿ ಏನಿರುತ್ತದೋ ದೇವರೇ ಬಲ್ಲ.

ಭಾಯಿಯಂತೂ ಮಾರ್ಕೆಟ್ಟಿನ ತುಂಬ ಟಾಂ ಟಾಂ ಹೊಡೆದಿದ್ದ. ನಾನು ಅಲ್ಲಿಗೆ ಹೋದರೆ ಅಕ್ಕಪಕ್ಕದ ಅಂಗಡಿಯವರು ಗುರುತು ಹಿಡಿದು, “ವೋ ದೇಖೋ, ಘಾಸ್ ಸೇ ಶಕ್ಕರ್ ಬನಾನೇವಾಲಿ,” ಎನ್ನುತ್ತಿದ್ದರು. ಹುಲ್ಲಿನಿಂದ ಸಕ್ಕರೆ ಮಾಡುವವಳಂತೆ ನಾನು. ಭಾಯಿ ಎದೆ ಉಬ್ಬಿಸಿ, “ಹುಲ್ಲು ನಂದು,” ಎನ್ನುತ್ತಿದ್ದ. ನನಗೆ ನಾಚಿಕೆಯೂ ಆಗುತ್ತಿತ್ತು, ಖುಷಿಯೂ ಆಗುತ್ತಿತ್ತು.

ಮಳೆ ಹಿಡಿಯಿತು. ಮಾವು ಮುಗಿಯಿತು. ಪ್ರಯೋಗಾಲಯದ ಗೋಣಿಯೂ ಖಾಲಿಯಾಗಿ, ಮತ್ತೆ ತಬೇಲದ ಹುಲ್ಲು ತಂದೆ. ಅದೇ ಪುಡಿ, ಅದೇ ಪಾತ್ರೆ, ಅದೇ ಶಾಖ. ಪರದೆಯ ಮೇಲೆ ಗುಡ್ಡಗಳೇ ಇಲ್ಲ, ಹೆಚ್ಚುಕಡಿಮೆ ಬಯಲು. ಪುಡಿ ಸತ್ತಿದೆ ಎಂದುಕೊಂಡೆ. ಹೊಸ ಪುಡಿ ಮಾಡಿದೆ. ಬಯಲು. ಯಂತ್ರ ಕೆಟ್ಟಿದೆ ಎಂದುಕೊಂಡು ಅದನ್ನು ನೋಡಿಕೊಳ್ಳುವವರ ಜೊತೆ ಜಗಳ ಕಾಯ್ದೆ. ಯಂತ್ರ ಸರಿಯಾಗಿಯೇ ಇತ್ತು, ಆಮೇಲೆ ಹೋಗಿ ಕ್ಷಮೆ ಕೇಳಬೇಕಾಯಿತು. ಕೊನೆಗೆ ಒಂದು ಉಪಾಯ ಹೊಳೆಯಿತು. ಮನೆಯ ಗ್ಯಾಲರಿಯಲ್ಲಿ ಹಳೆಯ ಹುಲ್ಲಿನ ಗೋಣಿ ಇದೆಯಲ್ಲ, ಅದರ ಮೇಲೆ ಮತ್ತೊಮ್ಮೆ ಮಾಡಿ ನೋಡಿದರೆ ತಪ್ಪು ಪುಡಿಯದೋ ಹುಲ್ಲಿನದೋ ಗೊತ್ತಾಗುತ್ತದೆ.

ಆ ಸಂಜೆ ಕುರ್ಲಾ ಸ್ಟೇಷನ್ನಿನಲ್ಲಿ ಇಳಿದು, ಮೊಣಕಾಲುದ್ದ ನೀರಿನಲ್ಲಿ ನಡೆದು ಮನೆಗೆ ಬಂದರೆ ಅಮ್ಮಿ ಬಾಗಿಲಲ್ಲೇ ಕಾಯುತ್ತಿದ್ದಳು, ಕೈಯಲ್ಲಿ ಪೊರಕೆ.

“ನಿನ್ನ ಹುಲ್ಲು ಇವತ್ತ ಹೊರಗ ಹೋಗಬೇಕು! ಮಳಿ ಬಿದ್ದಾಗಿಂದ ಅದಕ ಇರುವಿ ಹತ್ಯಾವು. ಸಾಲು ಹಚ್ಚಿ ಅಡಿಗಿಮನಿ ತನಕಾ ಬಂದಾವು.”

ನಾನು ಗೋಣಿಯ ಬಾಯಿ ಬಿಚ್ಚಿದೆ. ಒಳಗೆ ಒಂದೊಂದು ಎಳೆಯ ಮೇಲೂ ಇರುವೆ. ಇರುವೆಗೆ ಹುಲ್ಲಿನ ಸರಪಳಿ ತುಂಡರಿಸಲು ಬರುವುದಿಲ್ಲ. ಅದು ಬರುವುದು ಸಿದ್ಧವಾಗಿರುವ ಸಕ್ಕರೆಗೆ. ಒಂದು ಎಳೆ ಎತ್ತಿ ಮೂಗಿಗೆ ಹಿಡಿದೆ. ಮಾವಿನ ಹುಳಿವಾಸನೆ. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಪರದೆಯ ಮೇಲೆ ಎದ್ದಿದ್ದ ಆ ಗುಡ್ಡಗಳೆಲ್ಲ ಒಡೆದ ಹಣ್ಣಿನ ರಸ. ಹುಲ್ಲು ಅದನ್ನು ಹೀರಿಕೊಂಡು ಒಣಗಿತ್ತು, ನಾನು ಅದನ್ನು ಬಿಸಿ ನೀರಿನಲ್ಲಿ ಹಿಂಡಿ ತೆಗೆದಿದ್ದೆ. ಫ್ರಕ್ಟೋಸ್ ಯಾಕೆ ಬಂತೆಂದರೆ, ಹಣ್ಣಿನಲ್ಲಿ ಫ್ರಕ್ಟೋಸ್ ಇರುತ್ತದೆ, ಅದಕ್ಕೆ.

ಸಿಟ್ಟು ಬಂದಾಗ ಹತ್ತಿರದವರೇ ಸಿಗುವುದು. ಭಾಯಿಗೆ ಫೋನ್ ಮಾಡಿ ಕೂಗಾಡಿದೆ. “ಆ ಹುಲ್ಲಿನಾಗ ಹಣ್ಣು ಒಡದಿದ್ದುವಂತ ಹೇಳಾಕ ಏನಾಗಿತ್ತು ನಿನಗ?”

“ಮಾವಿನ ಪೇಟಿ ಹುಲ್ಲಿನಾಗ ಮಾವಿನ ರಸ ಇರಲಾರದ ಮತ್ತೇನ ಇರತೈತಿ?” ಎಂದ ಅವನು, ನಿಜವಾಗಿಯೂ ಅರ್ಥವಾಗದೆ. ನಾನು ಎಲ್ಲ ಬಿಡಿಸಿ ಹೇಳಿದೆ. ಅವನು ಮೆಲ್ಲಗೆ, “ನನ್ನಿಂದ ಕೆಟ್ಟಿತೇನು ನಿನ್ನ ಕೆಲಸ?” ಎಂದ.

ಅಲ್ಲ ಎಂದೆ. ಆದರೆ ಕೂಗಾಡಿದ ಮೇಲೆ ಹೇಳಿದ ‘ಅಲ್ಲ’ಕ್ಕೆ ಬೆಲೆ ಎಲ್ಲಿದೆ? ಅಂದಿನಿಂದ ಅವನು ನನ್ನ ಕೆಲಸದ ಮಾತೇ ಎತ್ತಲಿಲ್ಲ. ಮಾರ್ಕೆಟ್ಟಿನಲ್ಲಿ ಯಾರಾದರೂ ಕೇಳಿದರೆ ಮಾತು ತಿರುಗಿಸುತ್ತಾನೆಂದು ಅತ್ತಿಗೆ ಹೇಳಿದಳು.

ಮೇಡಮ್ಮಿಗೆ ಮರುದಿನ ಬೆಳಿಗ್ಗೆಯೇ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಎಂತ ಮಾರಾಯ್ತಿ! ಅಂದ್ರೆ ನಾವು ಇಷ್ಟು ದಿನ ಮಾವಿನಹಣ್ಣಿನ ಜ್ಯೂಸ್ ಕಾಯಿಸಿದ್ದಾ?”

ನಗಲು ಶುರು ಮಾಡಿದವರು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ. ಆಮೇಲೆ ಕನ್ನಡಕ ಹಾಕಿಕೊಂಡು, “ನಗಾಡಿ ಆಯ್ತು. ಈಗ ಸಮಿತಿಗೆ ಬರೀಬೇಕು, ಹಿಂದಿನ ಅಂಕಿ ತಪ್ಪು ಅಂತ. ಇವತ್ತೇ ಬರೀಬೇಕು. ಮತ್ತೆ ನೀನು ಆ ಹುಲ್ಲನ್ನು ತೊಳಿ. ಎಸೀಬೇಡ,” ಎಂದರು.

ತೊಳೆದೆ. ಬಕೆಟ್ಟಿನಲ್ಲಿ ನೆನೆಹಾಕಿ, ಹಿಂಡಿ, ಮತ್ತೆ ನೆನೆಹಾಕಿ, ನೀರಿನಲ್ಲಿ ಸಕ್ಕರೆಯ ಸುಳಿವೂ ಇಲ್ಲ ಎಂದು ಯಂತ್ರ ಹೇಳುವವರೆಗೆ ತೊಳೆದೆ. ಇರುವೆಗಳು ಪಾಪ, ತೇಲಿಹೋದವು. ತಬೇಲದಲ್ಲಿ ಬೇಕಾದಷ್ಟು ಹುಲ್ಲು ಸಿಗುತ್ತಿತ್ತು. ಆದರೆ ತಪ್ಪು ಲೆಕ್ಕ ಬಂದದ್ದು ಯಾವ ಹುಲ್ಲಿನಿಂದಲೋ ಸರಿ ಲೆಕ್ಕವೂ ಅದರಿಂದಲೇ ಬರಬೇಕು ಎಂದು ನನಗೆ ಹಟ. ತೊಳೆದ ಹುಲ್ಲಿನ ಬ್ಲ್ಯಾಂಕ್ ಖಾಲಿ. ಕರಿಪುಡಿ ಹಾಕಿದ ಮೇಲೆ ಬಂದದ್ದು ಒಂದು ಚಿಕ್ಕ ದಿಬ್ಬ. ಗುಡ್ಡ ಅನ್ನಲು ನಾಚಿಕೆಯಾಗುವಷ್ಟು ಚಿಕ್ಕದು.

ಕಾರಣ ನಮಗೆ ಗೊತ್ತಿತ್ತು. ದ್ರವ ಆ್ಯಸಿಡ್ ಹುಲ್ಲಿನ ಸಂದುಗೊಂದಿಗೆಲ್ಲ ನುಗ್ಗುತ್ತದೆ. ನಮ್ಮ ಪುಡಿಯೂ ಘನ, ಹುಲ್ಲೂ ಘನ. ನೀರಿನಲ್ಲಿ ಎರಡೂ ತೇಲಾಡುತ್ತವೆ, ಒಂದನ್ನೊಂದು ಮುಟ್ಟುವುದೇ ಅಪರೂಪ. ಮುಟ್ಟದೆ ಸರಪಳಿ ತುಂಡಾಗುವುದಿಲ್ಲ. ಇದಕ್ಕೆ ಬೇರೆಯವರು ಕಂಡುಕೊಂಡ ಪರಿಹಾರವೂ ಇತ್ತು. ಗಟ್ಟಿ ಗುಂಡುಗಳಿರುವ ಮಿಲ್ಲಿನಲ್ಲಿ ಎರಡನ್ನೂ ಒಟ್ಟಿಗೇ ಹಾಕಿ, ಒಂದರ ಮೈಗೆ ಇನ್ನೊಂದು ಹತ್ತಿಕೊಳ್ಳುವಂತೆ ಅರೆಯಬೇಕು. ನಾನು ಅದನ್ನು ಮುಂದೆ ಹಾಕುತ್ತಲೇ ಬಂದಿದ್ದೆ. ಯಾಕೆಂದರೆ ಆ ಮಿಲ್ಲು ನಮ್ಮದಲ್ಲ. ಮೇಲಿನ ಮಹಡಿಯ ಪಿಂಗಾಣಿ ವಿಭಾಗದ್ದು. ಅಲ್ಲಿನ ಉಸ್ತುವಾರಿ ಒಬ್ಬ ಮರಾಠಿ ಹೆಂಗಸಿನದು. ಮಿಲ್ಲಿನ ಹಾಲುಬಿಳುಪಿನ ಜಾಡಿಗಳಿಗೆ ಕರಿಪುಡಿ ಹಾಕಲು ಆಕೆ ಯಾರಿಗೂ ಬಿಡುತ್ತಿರಲಿಲ್ಲ. ನಾನು ಹಿಂದೊಮ್ಮೆ ಕೇಳಿ, ಮಾತಿಗೆ ಮಾತು ಬೆಳೆಸಿ ಬಂದಿದ್ದೆ.

ಈಗ ಪರಿಶೀಲನೆ ಹತ್ತಿರ ಬಂದಿತ್ತು. ಸಿಟ್ಟನ್ನು ಕಿಸೆಯಲ್ಲಿಟ್ಟುಕೊಂಡು ಮೆಟ್ಟಿಲು ಹತ್ತಿದೆ. ನನ್ನ ಮುರುಕು ಮರಾಠಿಯಲ್ಲಿ, ಮಾವಿನ ಕತೆಯನ್ನು ಮೊದಲಿನಿಂದ ಕೊನೆಯವರೆಗೆ ಆಕೆಗೆ ಹೇಳಿದೆ. ಆಕೆ ನಗಲಿಲ್ಲ. “ಆಂಬಾ?” ಎಂದು ಮಾವಿನ ಹೆಸರನ್ನಷ್ಟೇ ಒಮ್ಮೆ ಕೇಳಿ, ಬೀಗ ತೆಗೆದರು. ಷರತ್ತು ಒಂದೇ. ಪ್ರತಿ ಸಲ ಅರೆದಾದ ಮೇಲೆ ಜಾಡಿಯಲ್ಲಿ ಮರಳು ಹಾಕಿ ತಿರುಗಿಸಿ, ಮೊದಲಿನ ಬಿಳುಪು ಬರುವವರೆಗೆ ತೊಳೆದು, ಆಕೆಗೆ ತೋರಿಸಿಯೇ ಹೋಗಬೇಕು. ಆ ವಾರ ನಾನು ಅರೆದದ್ದಕ್ಕಿಂತ ಉಜ್ಜಿದ್ದೇ ಹೆಚ್ಚು. ಮನೆಯಲ್ಲಿ ಒಂದು ಪಾತ್ರೆ ಉಜ್ಜದವಳು ಇಲ್ಲಿ ಜಾಡಿ ಉಜ್ಜುತ್ತಿದ್ದಾಳೆ ಎಂದು ಅಮ್ಮಿಗೆ ತಿಳಿದಿದ್ದರೆ ಪೊರಕೆ ಮತ್ತೆ ಕೈಗೆ ಬರುತ್ತಿತ್ತು.

ಅರೆದ ಬೂದುಗಪ್ಪು ಹಿಟ್ಟನ್ನು ನೀರಿಗೆ ಹಾಕಿ ಕಾಯಿಸಿ, ಸೋಸಿ, ಯಂತ್ರಕ್ಕೆ ಕೊಟ್ಟು ಕೂತೆ. ಮೇಡಮ್ಮೂ ಬಂದು ಪಕ್ಕದಲ್ಲಿ ನಿಂತರು. ಗ್ಲೂಕೋಸಿನ ಜಾಗದಲ್ಲಿ ಗೆರೆ ಏಳತೊಡಗಿತು. ಎದ್ದಿತು, ಇನ್ನೂ ಎದ್ದಿತು, ಇಳಿಯಿತು. ಮಾವಿನ ಗುಡ್ಡದಷ್ಟು ಎತ್ತರವಲ್ಲ, ಅದರ ಹತ್ತಿರಕ್ಕೂ ಇಲ್ಲ. ಆದರೆ ಗುಡ್ಡವೇ. ನಾನು ಅದನ್ನು ನೋಡುತ್ತಿರಲಿಲ್ಲ, ಫ್ರಕ್ಟೋಸ್ ಬರಬೇಕಾದ ಜಾಗವನ್ನು ನೋಡುತ್ತಿದ್ದೆ. ಗೆರೆ ಅಲ್ಲಿಗೆ ಬಂತು. ನೆಟ್ಟಗೆ ಸಾಗಿ ದಾಟಿಹೋಯಿತು. ಏನೂ ಇಲ್ಲ. ಜೀವನದಲ್ಲಿ ಏನೂ ಇಲ್ಲದ್ದನ್ನು ಕಂಡು ಅಷ್ಟು ಸಂತೋಷಪಟ್ಟದ್ದು ಅದೊಂದೇ ಸಲ.

“ಹುಲ್ಲಿನದ್ದೇ,” ಎಂದರು ಮೇಡಂ. “ಇದು ಹುಲ್ಲಿನದ್ದೇ ಮಾರಾಯ್ತಿ.” ಮತ್ತೆ ಮಾಡಿದೆವು. ಮತ್ತೆ ಅದೇ ಬಂತು.

ಪರಿಶೀಲನೆಯ ದಿನ ಸಮಿತಿಯ ಹಿರಿಯರೊಬ್ಬರು ಎರಡು ವರದಿಗಳನ್ನೂ ಮುಂದಿಟ್ಟುಕೊಂಡು ಕೂತಿದ್ದರು. ಮೊದಲ ಅಂಕಿಗಿಂತ ಇದು ಬಹಳ ಕಡಿಮೆಯಿದೆಯಲ್ಲ, ಇದನ್ನು ಪ್ರಗತಿ ಎನ್ನುವುದು ಹೇಗೆ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಮೊದಲನೆಯದು ಮಾವಿನ ಮರದ್ದು ಸರ್, ಇದು ನಮ್ಮದು ಎಂದೆ. ಕೋಣೆಯಲ್ಲಿ ನಗು ಎದ್ದಿತು, ಅವರು ಮಾತ್ರ ನಗಲಿಲ್ಲ. ಒಟ್ಟಿಗೆ ಅರೆದ ಮೇಲೆ ನಿಮ್ಮ ಪುಡಿ ಉಳಿದ ಹುಲ್ಲಿನ ಗಸಿಯ ಜೊತೆ ಬೆರೆತುಹೋಗುತ್ತದಲ್ಲ, ಅದನ್ನು ಮರಳಿ ಹೇಗೆ ತೆಗೆಯುತ್ತೀರಿ ಎಂದರು. ಅದು ಸರಿಯಾದ ಪ್ರಶ್ನೆ. ಪೊಟ್ಲಿ ಗಂಜಿಯಲ್ಲೇ ಬಿಚ್ಚಿಕೊಂಡಿದೆ, ಮಸಾಲೆಯನ್ನು ಆರಿಸುವುದು ಹೇಗೆ ಎಂಬ ಪ್ರಶ್ನೆ. ಗೊತ್ತಿಲ್ಲ ಎಂದೆ. ಕಬ್ಬಿಣದ ಅಂಶ ಸೇರಿಸಿ ಅಯಸ್ಕಾಂತದಿಂದ ಎಳೆಯಬಹುದೋ ಏನೋ, ಅದನ್ನು ನೋಡುವುದಕ್ಕೇ ನನಗೆ ಇನ್ನಷ್ಟು ಕಾಲ ಬೇಕು ಎಂದೆ. ಅವರು ಏನೋ ಗೀಚಿಕೊಂಡು, ಹೊರಗೆ ಕಾಯಿರಿ ಎಂದರು.

ಕಾರಿಡಾರಿನಲ್ಲಿ ನಿಂತೆ. ಆ ಹೊತ್ತಿನಲ್ಲಿ ನನಗೆ ಎಷ್ಟು ಹೆದರಿಕೆಯಾಯಿತೆಂದರೆ ಹಳೆಯ ಕಂಪನಿಯ ಮಾತ್ರೆಗಳ ಬಣ್ಣಗಳೆಲ್ಲ ಕಣ್ಣ ಮುಂದೆ ಬಂದವು. ಬಾಗಿಲು ತೆರೆದು ಮೇಡಂ ಹೊರಬಂದರು. ಮುಖದಲ್ಲಿ ಏನೂ ಗೊತ್ತಾಗಲಿಲ್ಲ. ಹತ್ತಿರ ಬಂದು, “ಎರಡು ವರ್ಷ ಕೊಟ್ಟಿದ್ದಾರೆ. ಅಯಸ್ಕಾಂತ ತಗೊಂಡು ಬಾ,” ಎಂದರು.

ಮೊದಲು ಭಾಯಿಗೆ ಫೋನ್ ಮಾಡಿದೆ. ಮಾರ್ಕೆಟ್ಟಿನ ಗಲಾಟೆಯ ನಡುವೆ ಅವನ “ಹಾಂ, ಹೇಳು” ಕೇಳಿಸಿತು. ಯಾವುದೋ ಕೆಟ್ಟ ಸುದ್ದಿಗೆ ಸಿದ್ಧನಾದವನ ದನಿ.

“ಭಾಯಿ, ಹುಲ್ಲು ಒಡದೈತಿ. ಸಕ್ಕರಿ ಬಂದೈತಿ. ನನ್ನ ಕೆಲಸ ಉಳೀತು.”

“ಚಲೋ ಆತು,” ಎಂದ. “ಯಾವ ಹುಲ್ಲು? ಆ ತಬೇಲದ್ದಾ?”

“ನಿಂದು. ನೀ ಕೊಟ್ಟಿದ್ದ ಹುಲ್ಲು. ತೊಳದು ಮಾಡೀನಿ.”

“ಮತ್ತ ಹಣ್ಣಿಂದ ಬಂದಿರಬೇಕು ನೋಡು.”

“ಇಲ್ಲ ಭಾಯಿ. ಹಣ್ಣಿಂದು ಒಂದ ಹನಿನೂ ಇಲ್ಲ. ಪೂರಾ ನಿನ್ನ ಹುಲ್ಲಿಂದ ಬಂದಿದ್ದು.”

ಅವನ ಪಕ್ಕದಲ್ಲಿ ಯಾರೋ ಗಿರಾಕಿ ಸೇಬಿನ ಬೆಲೆ ಕೇಳುತ್ತಿದ್ದರು, ಒಮ್ಮೆ ಕೇಳಿದರು, ಇನ್ನೊಮ್ಮೆ ಜೋರಾಗಿ ಕೇಳಿದರು. ಬೆಳಗಿನಿಂದ ರಾತ್ರಿಯವರೆಗೆ ಒಬ್ಬ ಗಿರಾಕಿಯನ್ನೂ ಕೈಬಿಡದ ನಮ್ಮ ಭಾಯಿ, ಒಡೆದ ದನಿಯಲ್ಲಿ, “ರುಕೋ ಸಾಬ್, ಮೇರಿ ಬೆಹೆನ್ ಕಾ ಫೋನ್ ಹೈ,” ಎಂದು ತಂಗಿಯ ಫೋನಿಗಾಗಿ ಆ ಗಿರಾಕಿಯನ್ನು ಕಾಯಿಸಿದ. ಫೋನ್ ಕಿವಿಗೆ ಹಿಡಿದುಕೊಂಡು ಇಬ್ಬರೂ ಅತ್ತೆವು.